ಅಕ್ಕ ಕೊನೆ ನೋಡದ ಕ್ಯಾಸೆಟ್ಟುಗಳು

ಅಕ್ಕನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕ್ಯಾಸೆಟ್ ವಾಪಸ್ ತಂದವರು ಅದನ್ನು ಕೌಂಟರಿನ ಮೇಲಿಟ್ಟು ಸುಮ್ಮನೆ ಹೋಗುವಂತಿರಲಿಲ್ಲ. ಕಥೆ ಹೇಳಿ ಹೋಗಬೇಕಿತ್ತು.

ಕಾರಣ ಸರಳವಾದದ್ದು. ಅಂಗಡಿಯಲ್ಲಿ ಸಿನಿಮಾ ಕ್ಯಾಸೆಟ್ ಹಾಕಿ ನೋಡುವ ಡೆಕ್ ಇದ್ದದ್ದು ಒಂದೇ, ಅದೂ ಟಿವಿಯ ಜೊತೆ ಸದಾ ಬಾಡಿಗೆಗೆ ಹೋಗಿರುತ್ತಿತ್ತು. ಮೂಡಿಗೆರೆ ಸುತ್ತಿನ ಎಸ್ಟೇಟುಗಳಲ್ಲಿ, ಕೂಲಿಯವರ ಸಾಲುಮನೆಗಳ ಜನ ವಾರದ ರಜೆಗೆ ಒಟ್ಟಾಗಿ ಟಿವಿ, ಡೆಕ್ ತರಿಸುತ್ತಿದ್ದರು. ಆ ಸಾಲುಮನೆಗಳಿಗೆ ನಮ್ಮ ಕಡೆ ಲೈನು ಎನ್ನುತ್ತಾರೆ. ಕಂಬಳಿ ಸುತ್ತಿಕೊಂಡು ಜೀಪಿನಲ್ಲಿ ಹೋದ ಡೆಕ್ ವಾಪಸ್ ಬಂದ ದಿನವೇ ಇನ್ನೊಂದು ಜೀಪು ಹತ್ತುತ್ತಿತ್ತು. ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ ಅಕ್ಕ ಅದರ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಬಂದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ, ಚಿತ್ರ ಸರಿಯಾಗಿ ಬರುತ್ತದೆಯೇ, ಟೇಪಿಗೆ ಬೂಷ್ಟು ಹಿಡಿದಿದೆಯೇ ಎಂದು ನೋಡುತ್ತಿದ್ದಳು. ಸಿನಿಮಾದ ಹೆಸರುಗಳೆಲ್ಲ ಮುಗಿದು ಕಥೆಯಲ್ಲಿ ಯಾರೋ ಒಬ್ಬರು ಬಾಗಿಲು ತೆರೆಯುವಷ್ಟರಲ್ಲಿ ತೆಗೆದುಬಿಡುತ್ತಿದ್ದಳು. ಹಾಗಾಗಿ ಅವಳಿಗೆ ಎಲ್ಲ ಸಿನಿಮಾಗಳ ಆರಂಭ ಗೊತ್ತಿತ್ತು. ಒಂದರ ಕೊನೆಯೂ ಗೊತ್ತಿರಲಿಲ್ಲ.

ಕೊನೆ ಗೊತ್ತಿಲ್ಲದೆ ಆ ವ್ಯಾಪಾರ ಮಾಡುವ ಹಾಗಿರಲಿಲ್ಲ. "ಮನೇಲಿ ಯಾರ್‍ಯಾರು ಕೂತ್ಕೊಂಡು ನೋಡ್ತೀರಿ?" ಎಂದು ಕೇಳಿಯೇ ಅವಳು ಕ್ಯಾಸೆಟ್ ಕೊಡುತ್ತಿದ್ದದ್ದು. ಅತ್ತೆ ಸೊಸೆ ಒಟ್ಟಿಗೆ ಕೂರುವ ಮನೆಗೆ ಒಂದು ತರಹದ್ದು, ಬಾಣಂತಿ ಇರುವ ಮನೆಗೆ ಇನ್ನೊಂದು, ಮೊನ್ನೆಯಷ್ಟೇ ಯಾರಾದರೂ ತೀರಿಕೊಂಡ ಮನೆಗೆ ನಗಿಸುವಂಥದ್ದು, ಆದರೆ ತೀರಾ ಅಲ್ಲ. ಇಷ್ಟೆಲ್ಲ ವಿಂಗಡಿಸಲು ಅವಳಿಗಿದ್ದ ಆಧಾರ ಒಂದೇ: ಹಿಂದೆ ತೆಗೆದುಕೊಂಡು ಹೋದವರು ಹೇಳಿದ ಕಥೆ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಹಾಜರಿ ಕೂಗಿದ ಹಾಗೆ ಹೇಳುತ್ತಿದ್ದರು. ಇಂಥವನು ಬಂದ, ಇಂಥವಳು ಹೋದಳು, ಇಬ್ಬರು ಸತ್ತರು, ಉಳಿದವರು ಹಾಡಿದರು. ಒಬ್ಬ ಗೌಡ್ತಿ ಸೀರೆಗಳನ್ನೂ ಮನೆಗಳನ್ನೂ ಮಾತ್ರ ಹೇಳುತ್ತಿದ್ದರು. ಅವರ ಕಥೆಯಲ್ಲಿ ಯಾರು ಯಾರನ್ನು ಮದುವೆಯಾದರು ಎಂದು ಕೇಳಿದರೆ, "ಅದೇ, ಆ ಮೆಟ್ಟಿಲಿರೋ ಮನೆಯವ್ನ" ಎನ್ನುತ್ತಿದ್ದರು.

ಪೂರ್ತಿ ಕಥೆ ಹೇಳುತ್ತಿದ್ದವರು ಬಾಳೂರು ಕಡೆಯ ಎಸ್ಟೇಟೊಂದರ ಜೀಪ್ ಡ್ರೈವರ್.

ಇವರ ಬಗ್ಗೆ ಬರೆಯುವಾಗ ನನ್ನ ಕೈ ತಡೆಯುತ್ತದೆ. ಇವರನ್ನು ನಾನು ಎಷ್ಟೋ ಜನರಿಗೆ ವರ್ಣಿಸಿದ್ದೇನೆ. ಹೇಳುತ್ತ ಹೇಳುತ್ತ ಅವರಿಗೆ ಒಂದು ಹಸಿರು ಸ್ವೆಟರ್ ಬಂದಿದೆ, ಕಿವಿಯ ಹಿಂದೆ ಒಂದು ಬೀಡಿ ಬಂದಿದೆ. ಸ್ವೆಟರ್ ಬಹುಶಃ ನಿಜ. ಬೀಡಿಯನ್ನು ನಾನೇ ಸಿಕ್ಕಿಸಿರಬೇಕು. ಎಲ್ಲರನ್ನೂ ಅಕ್ಕ, ಅಮ್ಮ, ಅತ್ತೆ ಎಂದು ಕರೆಯುತ್ತಿದ್ದ ಅವರು ನನ್ನ ಅಕ್ಕನನ್ನು ಮಾತ್ರ ಏನೂ ಕರೆಯುತ್ತಿರಲಿಲ್ಲ, "ಕೇಳಿ ಇಲ್ಲಿ" ಎಂದು ಶುರು ಮಾಡುತ್ತಿದ್ದರು ಎಂದು ನನಗೆ ನೆನಪು. ಆದರೆ ಇದು ನನಗೆ ಬೇಕಾದ ನೆನಪು. ಬೇಕಾದ್ದು ಇಷ್ಟು ಸುಲಭವಾಗಿ ನೆನಪಾದರೆ ನಂಬುವುದು ಕಷ್ಟ.

ಖಂಡಿತವಾಗಿ ಹೇಳಬಹುದಾದದ್ದು ಇದು. ಸಂತೆಯ ದಿನ ಜೀಪು ನಮ್ಮ ಅಂಗಡಿಯ ಎದುರು ನಿಲ್ಲುತ್ತಿತ್ತು. ಅವರು ಇಳಿದು ಕ್ಯಾಸೆಟ್ ಕೌಂಟರಿಗಿಟ್ಟು, ಮೊಣಕೈ ಊರಿ ಕಥೆ ಆರಂಭಿಸುತ್ತಿದ್ದರು. ಜೀಪಿನೊಳಗೆ ಸಂತೆ ಮುಗಿಸಿ ಕೂತ ಹೆಂಗಸರು ಕಾದು ಕಾದು ಹಾರ್ನ್ ಒತ್ತುತ್ತಿದ್ದರು.

"ಓಯ್ ಮಾರಾಯ, ಆ ಹುಡುಗಿಗೆ ಬೇಗ ಮದ್ವೆ ಮಾಡ್ಸಿ ಬಾ. ಮೀನು ಹಾಳಾಗ್ತದೆ!"

"ಇರಿ ಅತ್ಲಾಗೆ, ಅವಳಪ್ಪ ಇನ್ನೂ ಒಪ್ಪಿಲ್ಲ!"

"ಅವನು ಒಪ್ಪೋದ್ರೊಳಗೆ ನಮ್ಮನೆ ಗಂಡಸರು ನಮ್ಮನ್ನ ಮನೆಗೆ ಸೇರಿಸಲ್ಲ, ಬಾ!"

ಅಕ್ಕ ನಗುತ್ತ, "ನೀವು ಹೋಗಿ, ಪಾಪ ಅವ್ರು," ಎನ್ನುತ್ತಿದ್ದಳು. ಅವರು ಹೋಗುತ್ತಿರಲಿಲ್ಲ. ಕೊನೆ ಹೇಳಿಯೇ ಹೋಗುತ್ತಿದ್ದರು. ಅವರು ಹೇಳಿದ ಸಿನಿಮಾಗಳ ಕೊನೆಯಲ್ಲಿ ಕಳೆದುಹೋದ ಅಣ್ಣ ಮನೆಗೆ ಬರುತ್ತಿದ್ದ. ಕಾಯಿಲೆ ಬಿದ್ದವಳು ಎದ್ದು ಗಂಜಿ ಕುಡಿಯುತ್ತಿದ್ದಳು.

ಅವರ ಕಥೆಯನ್ನು ನಂಬಿ ಅಕ್ಕ ಒಮ್ಮೆ ಒಂದು ಪ್ಲಾಂಟರ್ ಮನೆಗೆ ಕ್ಯಾಸೆಟ್ ಕೊಟ್ಟಳು. ಆ ಮನೆಯ ಮಗಳ ನಿಶ್ಚಯವಾದ ಮದುವೆ ಮುರಿದುಬಿದ್ದಿತ್ತು. ಸಿನಿಮಾದ ಹುಡುಗಿಗೂ ಹಾಗೇ ಆಗುತ್ತದೆ, ಆಮೇಲೆ ಅವಳು ಟೀಚರ್ ಕೆಲಸಕ್ಕೆ ಸೇರಿ ತಲೆಯೆತ್ತಿ ಬದುಕುತ್ತಾಳೆ ಎಂದು ಡ್ರೈವರ್ ಹೇಳಿದ್ದರು. ಎರಡು ದಿನ ಬಿಟ್ಟು ಆ ತಾಯಿ ಕಾರಿನಿಂದಿಳಿದು ಬಂದು ಕ್ಯಾಸೆಟ್ಟನ್ನು ಕೌಂಟರಿಗೆ ಕುಕ್ಕಿದರು.

"ಇಂಥದ್ದನ್ನ ಕೊಡೋದಾ ನಮ್ಮನೆಗೆ? ಹುಡುಗಿ ಮೂಲೆ ಹಿಡಿದು ಕೂತಿದಾಳೆ ಅಂತ ನಿನಗೆ ಹೇಳಿರ್ಲಿಲ್ವಾ?"

"ಕೊನೇಲಿ ಸರಿಹೋಗತ್ತಲ್ಲ ಅಮ್ಮ. ಟೀಚರ್ ಆಗಿ..."

"ಎಂಥ ಟೀಚರ್? ಬಾವಿಗೆ ಹಾರ್‍ತಾಳೆ!"

ಅಕ್ಕ ಕ್ಯಾಸೆಟ್ಟನ್ನು ಎತ್ತಿ ಒಳಗಿಟ್ಟಳು. ಆಮೇಲೆ ರೈಟರ್ ಬಳಿ ಮೆಲ್ಲಗೆ ವಿಚಾರಿಸಿದಳು. ಹೌದು, ಬಾವಿ. ಅಂದಿನಿಂದ ಗಿರಾಕಿಗಳಿಗೆ ಕೊಡುವ ಮೊದಲು ಕೊನೆಯನ್ನು ರೈಟರ್ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳತೊಡಗಿದಳು. ಡ್ರೈವರ್ ಹತ್ತಿರ ಕೇಳುವುದನ್ನೂ ಬಿಡಲಿಲ್ಲ. ಮುಂದಿನ ಸಂತೆಗೆ ಅವರು ಬಂದಾಗ ಬಾವಿಯ ಮಾತನ್ನೇ ಎತ್ತಲಿಲ್ಲ.

"ಯಾಕೆ ಕೇಳ್ಲಿಲ್ಲ?" ಎಂದು ನಾನು ಅವತ್ತೇ ಕೇಳಿದೆ.

"ಕೇಳಿದ್ರೆ ಹೇಳೋದು ನಿಲ್ಲಿಸ್ತಾರೆ," ಅಂದಳು.

ಅಕ್ಕ ಮದುವೆಯಾಗದೆ ಉಳಿದದ್ದಕ್ಕೂ ಈ ಮನುಷ್ಯನಿಗೂ ಸಂಬಂಧವಿಲ್ಲ. ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ಕೂಡಿಬರಲಿಲ್ಲ, ಅಷ್ಟೇ. ಅವರಿಗೆ ಮನೆ, ಹೆಂಡತಿ ಇದ್ದದ್ದು ಅವಳಿಗೆ ಗೊತ್ತಿತ್ತು. ಓದುವವರು ಇಲ್ಲೊಂದು ಪ್ರೇಮಕಥೆ ಕಟ್ಟಿಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಕಟ್ಟಿಕೊಂಡಿದ್ದೆ, ಬಹಳ ವರ್ಷ.

ಆಮೇಲೆ ಬಾಳೂರಿಗೆ ಡಿಶ್ ಬಂತು. ಸಂತೆಯ ದಿನ ಜೀಪು ಬರುತ್ತಿತ್ತು, ಅಂಗಡಿಯ ಎದುರು ನಿಧಾನವಾಗುತ್ತಿತ್ತು, ಹಾರ್ನ್ ಮಾಡುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನೇ ಎತ್ತಿ ಬೀಸುತ್ತಿದ್ದಳು. ಕೆಲವು ತಿಂಗಳ ನಂತರ ಹಾರ್ನೂ ನಿಂತಿತು. ಜೀಪನ್ನು ಬೇರೆ ಯಾರೋ ಓಡಿಸುತ್ತಿದ್ದರು.

ಅಂಗಡಿ ಒಂದೇ ದಿನ ಮುಚ್ಚಲಿಲ್ಲ. ಕ್ಯಾಸೆಟ್ ಹೋಗಿ ಸಿಡಿ ಬಂತು. ಗೀರು ಬಿದ್ದ ಸಿಡಿಗಳಿಗೆ ಅಕ್ಕ ಟೂತ್‌ಪೇಸ್ಟ್ ತಿಕ್ಕುತ್ತಿದ್ದಳು. ಸಿಡಿ ತಂದುಕೊಡುವವರಿಗೆ ಕಥೆ ಹೇಳುವ ವ್ಯವಧಾನ ಇರಲಿಲ್ಲ. ಬೈಕಿನಿಂದ ಇಳಿಯದೆ, "ಚೆನ್ನಾಗಿದೆ ಅಕ್ಕ, ಫೈಟಿಂಗ್ ಇದೆ," ಎಂದು ಎಸೆದು ಹೋಗುತ್ತಿದ್ದರು. ಎದುರಿನ ಮೊಬೈಲ್ ಅಂಗಡಿಯವನು ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಕೊಡತೊಡಗಿದ ಮೇಲೆ ಅವರೂ ಇಲ್ಲ. ಅಕ್ಕ ಜೆರಾಕ್ಸ್ ಮೆಷಿನ್ ಇಟ್ಟಳು, ರೀಚಾರ್ಜ್ ಮಾಡಿದಳು. ಕೊನೆಗೆ ಕಳೆದ ವರ್ಷ ಅದನ್ನೂ ಬಿಟ್ಟು ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಈಗ ಅಲ್ಲಿ ಬೆಟ್ಟ ಹತ್ತಲು ಬರುವವರಿಗೆ ರೇನ್‌ಕೋಟು, ಬೂಟು ಬಾಡಿಗೆಗೆ ಸಿಗುತ್ತವೆ. ಮರಳಿಸುವವರು ಏನೂ ಹೇಳುವುದಿಲ್ಲ. ಒದ್ದೆ ಬೂಟನ್ನು ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ.

ಕೋಣೆ ಖಾಲಿ ಮಾಡಿದ ದಿನ ನಾನು ಆಲ್ದೂರಿನಿಂದ ಹೋಗಿದ್ದೆ. ಮದುವೆಯಾದ ಮೇಲೆ ನನ್ನ ಊರು ಅದು. ಅಕ್ಕ ಬೇಸರದಲ್ಲಿದ್ದಾಳೆಂದು ನಾನು ಅವಳಿಗೊಂದು ಟಿವಿ ಕೊಂಡುಕೊಟ್ಟೆ, ಇಂಟರ್‌ನೆಟ್ ಹಾಕಿಸಿದೆ, ಸಿನಿಮಾ ಬರುವ ಆ್ಯಪುಗಳನ್ನು ತೋರಿಸಿದೆ. ಒಂದನ್ನು ಒತ್ತಿದ ಕೂಡಲೇ, ಯಾರು ನೋಡುತ್ತಿದ್ದೀರಿ ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಮೂಡಿತು. ಅಕ್ಕ ಅರ್ಥ ಕೇಳಿದಳು. ನಾನು ಹೇಳಿದೆ. ಇಷ್ಟು ವರ್ಷ ತಾನು ಬೇರೆಯವರಿಗೆ ಕೇಳುತ್ತಿದ್ದದ್ದನ್ನು ತನಗೆ ಯಾರೋ ಕೇಳಿದರು ಎಂದು ಅವಳಿಗೆ ಖುಷಿಯಾಯಿತು.

"ನಾನೊಬ್ಳೇ," ಎಂದು ಟಿವಿಗೆ ಹೇಳಿದಳು.

ಹೊಸ ಸಿನಿಮಾಗಳ ಕಡೆ ಅವಳು ಕಣ್ಣೆತ್ತಲಿಲ್ಲ. ತನ್ನ ಕಪಾಟಿನಲ್ಲಿದ್ದ ಹಳೆಯವನ್ನೇ ಹುಡುಕಿದಳು. ಅಲ್ಲಿ ಎಲ್ಲ ಸಿಗುತ್ತದೆ ಎನ್ನುತ್ತಾರೆ, ಸಿಗುವುದಿಲ್ಲ. ಕಪಾಟಿನ ಅರ್ಧದಷ್ಟನ್ನು ಯಾರೂ ಎಲ್ಲಿಯೂ ಹಾಕಿಲ್ಲ. ಸಿಕ್ಕಷ್ಟನ್ನು ಅವಳು ಮಧ್ಯಾಹ್ನ ಊಟ ಮುಗಿಸಿ ಕೂತು ಕೊನೆಯವರೆಗೆ ನೋಡತೊಡಗಿದಳು. ಆಮೇಲೆ ನನಗೆ ಫೋನ್.

"ಆ ದೋಣಿ ಪಿಚ್ಚರ್ ನೋಡ್ದೆ. ಅದ್ರಲ್ಲಿ ಅಣ್ಣ ವಾಪಸ್ ಬರೋದೇ ಇಲ್ಲ ಮಾರಾಯ್ತಿ."

ಇನ್ನೊಂದು ದಿನ: "ಜ್ವರದ ಹುಡುಗಿ ಸತ್ತೋದ್ಲು."

ಮತ್ತೊಂದು ದಿನ ಫೋನ್ ಮಾಡಿ ಬರೀ ಮಳೆಯ ಮಾತಾಡಿದಳು. ಅವತ್ತಿನ ಪಿಚ್ಚರಿನಲ್ಲೂ ಯಾರೋ ಹೋಗಿದ್ದಾರೆಂದು ನನಗೆ ತಿಳಿಯಿತು. ಬಾವಿಯೊಂದೇ ಅಲ್ಲ, ಡ್ರೈವರ್ ಹೇಳಿದ ಬಹುತೇಕ ಕೊನೆಗಳು ಬೇರೆಯಾಗಿದ್ದವು. ಅವಳಿಗೆ ಸಿಟ್ಟು ಬಂದಿರಲಿಲ್ಲ.

"ಯಾಕೆ ಹಂಗೆ ಹೇಳ್ತಿದ್ರು ಅಂತ ಒಂದ್ಸಲ ಕೇಳ್ಬೇಕು," ಎಂದಳು. "ನಂಗೋಸ್ಕರ ಬದಲಾಯಿಸ್ತಿದ್ರಾ, ಇಲ್ಲಾ ಅವ್ರಿಗೇ ಸರಿ ಗೊತ್ತಿರ್ಲಿಲ್ವಾ. ಅದೊಂದು ಗೊತ್ತಾಗ್ಬೇಕು."

ಕೇಳಲಿ ಬಿಡು ಎಂದು ನನಗೆ ಒಂದು ಮನಸ್ಸು. ಗೊತ್ತಿರಲಿಲ್ಲ ಎಂದು ಅವರು ಹೇಳಿಬಿಟ್ಟರೆ ಅವಳ ಹತ್ತಿರ ಏನು ಉಳಿಯುತ್ತದೆ ಎಂದು ಇನ್ನೊಂದು ಮನಸ್ಸು. ಆದರೂ ಮೂಡಿಗೆರೆಯ ಜೀಪ್ ಸ್ಟ್ಯಾಂಡಿನಲ್ಲಿ ವಿಚಾರಿಸಿದೆ. ಎಸ್ಟೇಟ್ ಕೆಲಸ ಬಿಟ್ಟ ಮೇಲೆ ಅವರು ಹೆಂಡತಿಯ ಊರು ಸಂಸೆಯಲ್ಲಿ ಇದ್ದಾರೆ ಎಂದರು. ಅಷ್ಟರಲ್ಲಿ ಕಳಸದ ನೆಂಟರ ಮನೆ ಗೃಹಪ್ರವೇಶ ಬಂತು. ಊಟ ಮುಗಿಯುತ್ತಲೇ ಅಕ್ಕ ಎದ್ದಳು.

"ಎಲ್ಲಿಗೆ ಇಷ್ಟು ಬೇಗ?" ಎಂದು ನೆಂಟರು ಕೇಳಿದರು.

"ಸಂಸೆಗೆ. ಒಬ್ರು ಹಳೇ ಗಿರಾಕಿ ಇದಾರೆ."

ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು.

ರಸ್ತೆಯ ಪಕ್ಕದಲ್ಲೇ ಶೀಟಿನ ಮನೆ. ಅಂಗಳದಲ್ಲಿ ಟಾರ್ಪಾಲಿನ ಮೇಲೆ ಮೆಣಸು ಹರವಿತ್ತು. ಅವರು ಕುರ್ಚಿ ಹಾಕಿಕೊಂಡು ಕೋಳಿ ಕಾಯುತ್ತ ಕೂತಿದ್ದರು. ಕಣ್ಣಿಗೆ ಆಪರೇಷನ್ ಆಗಿ ಕಪ್ಪು ಕನ್ನಡಕ. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಹಸಿರು ಸ್ವೆಟರ್ ಹುಡುಕುತ್ತಿದ್ದೆನೇನೋ.

"ಯಾರದು?"

"ಮೂಡಿಗೆರೆ ಕ್ಯಾಸೆಟ್ ಅಂಗಡಿ," ಎಂದಳು ಅಕ್ಕ, ತನ್ನ ಹೆಸರು ಹೇಳದೆ.

ಅವರು ಎದ್ದು ನಿಂತರು. ನಿಂತವರಿಗೆ ಮುಂದೇನು ಮಾಡಬೇಕೆಂದು ತೋಚದೆ ಕೋಳಿಯನ್ನು ಹುಶ್ ಎಂದು ಓಡಿಸಿದರು. ಅವರ ಹೆಂಡತಿ ಒಳಗಿನಿಂದ ಬಂದು ನಮ್ಮಿಬ್ಬರನ್ನೂ ಕೈಹಿಡಿದು ಕೂರಿಸಿದರು. ದಪ್ಪನೆಯ, ದೊಡ್ಡ ದನಿಯ ಹೆಂಗಸು. ಬೆಲ್ಲದ ಕಾಫಿ ಬಂತು. ಮೆಣಸಿನ ಬೆಲೆ, ಆನೆ ಬಂದದ್ದು, ಮಗ ಕುದುರೆಮುಖಕ್ಕೆ ಟೂರಿಸ್ಟರನ್ನು ಕರೆದೊಯ್ಯುವುದು, ಎಲ್ಲ ಆಯಿತು. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ನೀವು ಕಥೆ ಹೇಳ್ತಿದ್ರಲ್ಲ, ಈಗ ಆ ಪಿಚ್ಚರ್‌ಗಳನ್ನೆಲ್ಲ ನೋಡ್ದೆ ನಾನು. ಕೊನೆ ಎಲ್ಲ ಬೇರೇನೇ ಇದೆ."

ಅವರು ಜೋರಾಗಿ ನಕ್ಕರು. "ಕರೆಂಟ್ ಎಲ್ಲಿರ್‍ತಿತ್ತು ಮಾರಾಯ್ರೆ ಬಾಳೂರಲ್ಲಿ? ಒಂದು ಪಿಚ್ಚರೂ ಪೂರ್ತಿ ಆಗ್ತಿರ್ಲಿಲ್ಲ. ಅರ್ಧ ಕಥೆ ತಂದ್ರೆ ನೀವು ಬಿಡ್ತಿರ್ಲಿಲ್ಲ. ಏನಾದ್ರೂ ಒಂದು ಸೇರಿಸಿ ಮುಗಿಸ್ತಿದ್ದೆ."

"ಓ," ಎಂದಳು ಅಕ್ಕ. "ಕರೆಂಟಾ."

"ಕರೆಂಟೇ. ಇನ್ನೆಂಥ?"

ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು. ಇನ್ನೂ ಅರ್ಧ ಇತ್ತು. ಬಸ್ಸಿನ ಹೊತ್ತಾಯಿತೆಂದು ಹೇಳಿದಳು. ಆಗಿರಲಿಲ್ಲ. ಅವರು, ಬಾಳೆಕಾಯಿ ಒಂದಿಷ್ಟು ತಗೊಂಡು ಹೋಗಿ, ಕಡಿದು ತರುತ್ತೇನೆ ಎಂದು ಕತ್ತಿ ಹಿಡಿದು ಹಿತ್ತಲಿಗೆ ಹೋದರು.

ಅವರು ಮರೆಯಾದ ಮೇಲೆ ಹೆಂಡತಿ ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕರು.

"ಎಂಥ ಸುಳ್ಳು ನೋಡಿ. ಯಾವ ಕರೆಂಟು? ಪಿಚ್ಚರ್ ದಿನಕ್ಕೆ ಅಂತಲೇ ಧಣಿಗಳು ಜನರೇಟರಿಂದ ಲೈನಿಗೆ ವಯರ್ ಎಳೆಸಿದ್ರು. ಒಂದಿನನೂ ಅರ್ಧಕ್ಕೆ ನಿಂತಿಲ್ಲ."

ಅಕ್ಕ ತಲೆ ಎತ್ತಿದಳು.

"ಅಲ್ಲ, ಇವ್ರು ಯಾವಾಗ ನೋಡಿದ್ರು ಪಿಚ್ಚರ್? ಟಿವಿ ಇಳಿಸಿ ಜೀಪಲ್ಲೇ ಮಲಗೋರು, ಗೊರಕೆ ಹೊಡೀತಾ. ನೋಡೋಳು ನಾನು. ನೋಡಿ ಬಂದು ಅನ್ನ ಬಡಿಸ್ತಾ ಹೇಳೋಳು. ಸಂತೆ ಹಿಂದಿನ ದಿನ ಮತ್ತೆ ಹೇಳು ಅನ್ನೋರು, ಮೊದಲಿಂದ. ಪರೀಕ್ಷೆಗೆ ಓದ್ಕೊಂಡ ಹಾಗೆ!"

"ಕೊನೆನೂ ಹೇಳ್ತಿದ್ರಾ ನೀವು?" ಎಂದು ಅಕ್ಕ ಕೇಳಿದಳು.

"ಹೇಳ್ದೆ? ಕೊನೆ ಹೇಳೋದ್ರಲ್ಲೇ ಅಲ್ವಾ ರುಚಿ ಇರೋದು? ನಂಗೆ ಯಾರಾದ್ರೂ ಸಾಯ್ಬೇಕು ಮಾರಾಯ್ತಿ. ಯಾರೂ ಸಾಯ್ಲಿಲ್ಲ ಅಂದ್ರೆ ಎಂಥ ಪಿಚ್ಚರ್ ಅದು? ಸಾಯೋದನ್ನ ನಾನು ಹೇಳಿದ್ರೆ ಲೈನಿನ ಹೆಂಗಸರೆಲ್ಲ ಇನ್ನೊಂದ್ಸಲ ಅಳೋರು."

ಅಂದರೆ ಆ ಅಣ್ಣ, ಆ ಜ್ವರದ ಹುಡುಗಿ, ಎಲ್ಲರೂ ಬಾಳೂರಿನಿಂದ ಹೊರಡುವಾಗ ಸತ್ತೇ ಇದ್ದರು. ಮೂಡಿಗೆರೆ ತಲುಪುವಾಗ ಬದುಕಿದ್ದರು. ನಡುವೆ ಇದ್ದದ್ದು ಕೊಟ್ಟಿಗೆಹಾರದ ತಿರುವುಗಳು, ಸಂತೆಯ ಹೆಂಗಸರು, ಮತ್ತು ಸ್ಟಿಯರಿಂಗ್ ಹಿಡಿದ ಒಬ್ಬ ಮನುಷ್ಯ.

ಇಷ್ಟು ಬರೆದ ಮೇಲೆ ನನಗೆ ಸಮಾಧಾನವಿಲ್ಲ. ಅಂಗಡಿಯ ಬಾಗಿಲಲ್ಲಿ, ವ್ಯಾಪಾರದ ಹೊತ್ತಿನಲ್ಲಿ ಸಾವಿನ ಮಾತು ಆಡಬಾರದೆಂಬ ಸಂಕೋಚ ನಮ್ಮ ಕಡೆ ಎಲ್ಲರಿಗೂ ಇತ್ತು. ರೈಟರ್ ಒಬ್ಬರಿಗೆ ಇರಲಿಲ್ಲ. ಡ್ರೈವರಿಗೆ ಇದ್ದದ್ದು ಬರೀ ಆ ಸಂಕೋಚವೇ ಇರಬಹುದು. ಯಾವ ಅಂಗಡಿಯಲ್ಲಾದರೂ ಅವರು ಹಾಗೇ ಹೇಳುತ್ತಿದ್ದರೇನೋ. ಹಾಗಾದರೆ, ಇಷ್ಟು ವರ್ಷದ ಮೇಲೆ ಕರೆಂಟಿನ ಸುಳ್ಳು ಯಾಕೆ? ಉತ್ತರ ಸಿಕ್ಕರೂ ನಾನು ಅದನ್ನು ನಂಬುವುದಿಲ್ಲ. ಆಗ ಅಕ್ಕನ ಮುಖ ಮಾತ್ರ ನೋಡಿದೆ. ಅವಳು ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡು ತಣ್ಣಗಾಗಿದ್ದ ಕಾಫಿಯನ್ನು ಕುಡಿದು ಮುಗಿಸಿದಳು.

"ನಿಮ್ಗೆ ಎಂಥ ಹೇಳ್ತಿದ್ರು ಹಾಗಾದ್ರೆ?" ಎಂದು ಹೆಂಡತಿ ಕುತೂಹಲದಿಂದ ಕೇಳಿದರು.

"ಚೆನ್ನಾಗೇ ಹೇಳ್ತಿದ್ರು," ಎಂದಳು ಅಕ್ಕ. "ನಿಮ್ಮಷ್ಟು ಬರ್‍ತಿರ್ಲಿಲ್ಲ, ಅಷ್ಟೆ."

ಆಕೆಗೆ ಅದು ಬಹಳ ಹಿಡಿಸಿತು.

ಬಾಳೆಕಾಯಿಯ ಚೀಲ ಹಿಡಿದು ಡ್ರೈವರ್ ರಸ್ತೆಯವರೆಗೆ ಬಂದರು. ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಸ್ವಲ್ಪ ದೂರದಲ್ಲಿ, ಬಸ್ಸು ಕಾಣುವ ತಿರುವಿಗೆ ಹೋಗಿ ನಿಂತೆ. ಬೇಕೆಂದೇ ಹೋದೆನೋ, ಬಿಸಿಲಿಗೆ ನೆರಳು ಹುಡುಕಿ ಹೋದೆನೋ, ಈಗ ಹೇಳಲಾರೆ. ಅಲ್ಲಿಂದ ನೋಡಿದಾಗ ಅಕ್ಕ ಕೈ ಆಡಿಸುತ್ತ ಅವರಿಗೆ ಏನೋ ಹೇಳುತ್ತಿದ್ದಳು. ಅವರು ಕಿವಿಯನ್ನು ಅವಳ ಕಡೆ ವಾಲಿಸಿ, ಚೀಲ ಕೆಳಗಿಡುವುದನ್ನೂ ಮರೆತು ನಿಂತಿದ್ದರು. ಒಮ್ಮೆ, "ಹೌದನಾ?" ಎಂದದ್ದು ಕೇಳಿಸಿತು. ಒಮ್ಮೆ ಇಬ್ಬರೂ ನಕ್ಕರು. ಆಮೇಲೆ ಅವಳ ದನಿ ಇಳಿಯಿತು. ಅವರು ಇನ್ನಷ್ಟು ಬಾಗಿದರು.

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಿಗೆ ನೇತಾಡುತ್ತ, "ಕಳಸ, ಕಳಸ! ಬನ್ನಿ ಅಕ್ಕ, ಮಾತು ಫೋನಲ್ಲಿ ಆಡ್ಕೊಳ್ಳಿ," ಎಂದು ಕೂಗಿದ. ನಾನು ಓಡಿ ಬಂದು ಚೀಲ ತೆಗೆದುಕೊಂಡೆ. ಅಕ್ಕ ಹತ್ತಿದಳು. ಅವರು ಬಸ್ಸಿನ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು, ಕಿಟಕಿಯ ಸರಳು ಹಿಡಿದು, "ಆಮೇಲೆ?" ಎಂದರು. ಬಸ್ಸು ಹೊರಟಿತು.

ಸೀಟು ಸಿಕ್ಕಿ ಕೂತ ಮೇಲೆ ನಾನು ಕೇಳಿದೆ. "ಏನು ಹೇಳ್ತಿದ್ದೆ?"

"ಒಂದು ಪಿಚ್ಚರ್ ಕಥೆ. ಹೋದ ವಾರ ನೋಡಿದ್ದು."

"ಕೊನೆ ಹೇಳಿದ್ಯಾ?"

ಅವಳು ಕಿಟಕಿಯಿಂದ ಹಿಂದಕ್ಕೆ ಬಾಗಿ ನೋಡಿದಳು. ರಸ್ತೆ ಆಗಲೇ ತಿರುಗಿತ್ತು.

"ಇಲ್ಲ," ಎಂದಳು. "ಬಸ್ ಬಂತಲ್ಲ."